ಅಕ್ಕನ ಹೆಸರಿನ ಮುಂದೆ ‘ಹೋದರು’

ದೊಡ್ಡಬಳ್ಳಾಪುರದ ಆ ಆಸ್ಪತ್ರೆಯಲ್ಲಿ ಆಪರೇಷನ್ ನಡೆಯುವಾಗ ಮನೆಯವರನ್ನು ಮೇಲಿನ ಮಹಡಿಯ ಹಾಲ್‌ನಲ್ಲಿ ಕೂರಿಸುತ್ತಾರೆ. ಒಳಗಿನ ಸುದ್ದಿ ಕೇಳಲು ಕೌಂಟರಿಗೆ ಹೋದರೆ, "ಮೊಬೈಲ್‌ಗೆ ಲಿಂಕ್ ಕಳ್ಸಿದ್ದೀವಲ್ಲ, ಅದ್ರಲ್ಲೇ ನೋಡಿ" ಎನ್ನುತ್ತಾರೆ. ಲಿಂಕ್ ಒತ್ತಿದರೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ರೋಗಿಗಳ ಹೆಸರಿನ ಪಟ್ಟಿ, ಪ್ರತಿ ಹೆಸರಿನ ಮುಂದೆ ಅವರು ಎಲ್ಲಿದ್ದಾರೆ ಎಂಬ ವಿವರ. ನನ್ನ ಅಕ್ಕನ ಹೆಸರಿನ ಮುಂದೆ ‘ಒಳಗಿದ್ದಾರೆ’ ಎಂದಿತ್ತು.

ಅಕ್ಕ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೆಳಗಿನ ಪಾಳಿಗೆ ಸ್ಕೂಟರಿನಲ್ಲಿ ಹೋಗುವಾಗ ಲಾರಿ ತಗುಲಿ ಬಿದ್ದಿದ್ದಳು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದರು. ಬದುಕುತ್ತಾಳಾ ಎಂದು ಭಾವ ಕೇಳಿದ್ದಕ್ಕೆ ಡಾಕ್ಟರು "ನೋಡೋಣ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಆಗಿನಿಂದ ಭಾವ ಫೋನಿನ ಪರದೆಯಿಂದ ಕಣ್ಣು ಕೀಳಲಿಲ್ಲ.

ಇಂಥ ಪುಟಗಳನ್ನು ಮಾಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಆ ಪುಟ ನೋಡಿದ ಕೂಡಲೇ ಮೈಯೆಲ್ಲ ಉರಿದುಹೋಯಿತು. ಬೆರಳಿಟ್ಟು ಕೆಳಗೆ ಎಳೆದರೆ ಹೊಸ ಪಟ್ಟಿ ಬರಬೇಕು, ಸರಿ. ಆದರೆ ಇದು ಹೊಸದನ್ನು ತರಲು ಹೊರಡುವ ಮೊದಲೇ ಹಳೆಯದನ್ನು ಒರೆಸಿಹಾಕುತ್ತಿತ್ತು. ಸರ್ವರಿನಿಂದ ಉತ್ತರ ಬರುವವರೆಗೂ ಬರೀ ಬಿಳಿ ಪರದೆ, ನಡುವೆ ‘ಯಾರೂ ಇಲ್ಲ’ ಎಂಬ ಸಾಲು. ಪಟ್ಟಿ ಇನ್ನೂ ಬಂದಿಲ್ಲ ಎನ್ನುವುದಕ್ಕೂ, ಬಂದ ಪಟ್ಟಿಯೇ ಖಾಲಿ ಎನ್ನುವುದಕ್ಕೂ ವ್ಯತ್ಯಾಸ ತಿಳಿಯದ ಯಾವ ಪುಣ್ಯಾತ್ಮ ಇದನ್ನು ಬರೆದನೋ! ಹೊಸದು ಕೈ ಸೇರುವವರೆಗೆ ಹಳೆಯದನ್ನು ಹಾಗೇ ಬಿಟ್ಟಿರಬೇಕು ಎನ್ನುವುದು ನಮ್ಮ ಕಸುಬಿನ ಅಆಇಈ. ಇಷ್ಟೆಲ್ಲ ಗೊತ್ತಿದ್ದೂ ‘ಯಾರೂ ಇಲ್ಲ’ ಕಂಡಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಗೊತ್ತಿರುವುದು ತಲೆಗೆ, ಎದೆಗಲ್ಲ.

ಪಕ್ಕದ ಕುರ್ಚಿಯಲ್ಲಿ ಘಾಟಿ ಸುಬ್ರಹ್ಮಣ್ಯದ ಕಡೆಯ ಹಳ್ಳಿಯ ಯಜಮಾನರೊಬ್ಬರು ಕೂತಿದ್ದರು. ಅವರ ಹೆಂಡತಿಗೂ ಒಳಗೆ ಆಪರೇಷನ್ ನಡೆಯುತ್ತಿತ್ತು. ಅವರದು ಬಟನ್ ಫೋನು. "ನಿಮ್ಮಕ್ಕನ್ನ ನೋಡೋವಾಗ ನಮ್ಮೋಳ್ನೂ ಒಂಚೂರು ನೋಡವ್ವ" ಎಂದರು. ಅಕ್ಕನ ಹೆಸರಿನ ಕೆಳಗಿನ ಸಾಲೇ ಅವರ ಹೆಂಡತಿಯದು.

"ಇನ್ನೂ ಒಳಗೇ ಇದ್ದಾರೆ ಯಜಮಾನ್ರೇ" ಎಂದೆ.

"ಇರ್ಲಿ ಬಿಡು. ಮನೇಲಂತೂ ಒಂದ್ ಗಳಿಗೆ ಕುಂತೋಳಲ್ಲ, ಇಲ್ಲಾದ್ರೂ ಮಲಗ್ಲಿ" ಎಂದು ನಕ್ಕರು. ಆ ಹೊತ್ತಿನಲ್ಲಿ ಅವರಿಗೆ ನಗು ಹೇಗೆ ಬಂತೋ, ನನಗೆ ಹೊಟ್ಟೆಕಿಚ್ಚಾಯಿತು.

ಸ್ವಲ್ಪ ಹೊತ್ತಿಗೆ ಭಾವ "ಅಯ್ಯೋ" ಎಂದವರು ಕುರ್ಚಿಯಿಂದ ನೆಲಕ್ಕೆ ಜಾರಿದರು. ಫೋನ್ ಕಿತ್ತುಕೊಂಡು ನೋಡಿದೆ. ಅಕ್ಕನ ಹೆಸರಿನ ಮುಂದೆ ‘ಹೋದರು’ ಎಂದಿತ್ತು. ನಮ್ಮ ಕಡೆ ಬೀದಿ ತುದಿಯ ಅಂಗಡಿಗೆ ಹೊರಟವರೂ ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗ್ಬರ್ತೀನಿ’ ಎನ್ನುತ್ತಾರೆ. ಮರೆತರೆ ಅಮ್ಮ ಬೈದು, "ಬರ್ತೀನಿ ಅನ್ನು" ಎಂದು ಹೇಳಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಬರೀ ‘ಹೋದರು’ ಎಂದರೆ ನಮಗೆ ಇರುವುದು ಒಂದೇ ಅರ್ಥ.

ಫೋನ್ ಹಿಡಿದುಕೊಂಡೇ ಕೌಂಟರಿಗೆ ಓಡಿದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಅದು ವಾರ್ಡ್‌ಗೆ ಹೋದ್ರು ಅಂತ ಮೇಡಂ. ಆಪರೇಷನ್ ಚೆನ್ನಾಗಾಗಿದೆ, ಶಿಫ್ಟ್ ಮಾಡಿದ್ದಾರೆ" ಎಂದಳು. ಇಂಗ್ಲಿಷ್ ಪುಟವನ್ನು ಪದಕ್ಕೆ ಪದ ಕನ್ನಡ ಮಾಡಿದ್ದರು. ಎಲ್ಲಿಂದ ಎಲ್ಲಿಗೆ ಎನ್ನುವುದು ಮಾಡಿದವರ ತಲೆಯಲ್ಲೇ ಉಳಿದಿತ್ತು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಹಂಗಾದ್ರೆ ನಿಜವಾಗ್ಲೂ ತೀರ್ಕೊಂಡ್ರೆ ಏನಂತ ಹಾಕ್ತೀರಾ?" ಎಂದೆ.

ಹುಡುಗಿ ದನಿ ತಗ್ಗಿಸಿದಳು. "ಏನೂ ಹಾಕಲ್ಲ ಮೇಡಂ. ಲಿಸ್ಟಿಂದ ಹೆಸ್ರು ತೆಗ್ದುಬಿಡ್ತಾರೆ. ಮನೆಯವ್ರನ್ನ ಡಾಕ್ಟ್ರೇ ಒಳಗೆ ಕರೆದು ಹೇಳ್ತಾರೆ."

ಹಾಲ್‌ಗೆ ಬಂದು, ‘ಹೋದರು’ ಎಂದರೆ ವಾರ್ಡಿಗೆ ಹೋದರು ಎಂದಷ್ಟೇ ಭಾವನಿಗೆ ತಿಳಿಸಿದೆ. ಅವರು ಚಪ್ಪಲಿಯನ್ನೂ ಮೆಟ್ಟದೆ ವಾರ್ಡಿನತ್ತ ಓಡಿದರು. ನಾನೂ ಹೊರಟೆ. ಯಜಮಾನರು ನನ್ನ ಕೈ ಹಿಡಿದು ನಿಲ್ಲಿಸಿದರು. ನಾನು ಭಾವನಿಗೆ ಹೇಳಿದ್ದೆಲ್ಲ ಅವರ ಕಿವಿಗೂ ಬಿದ್ದಿತ್ತು.

"ಹಂಗಾದ್ರೆ ನಮ್ಮೋಳೂ ಹೋದ್ಲಾ ನೋಡವ್ವ!" ಎಂದರು ಖುಷಿಯಿಂದ. ಎದುರು ಕೂತಿದ್ದ ಹೆಂಗಸು ಬೆಚ್ಚಿ ಅವರ ಮುಖ ನೋಡಿದಳು.

ಪರದೆಯನ್ನು ಕೆಳಗೆ ಎಳೆದೆ. ‘ಯಾರೂ ಇಲ್ಲ’ ಎಂದು ಬಂತು. ಆಮೇಲೆ ಪಟ್ಟಿ ಬಂತು. ಅಕ್ಕನ ಸಾಲಿನ ಕೆಳಗೆ ಬೇರೆ ಯಾರದೋ ಹೆಸರಿತ್ತು. ಕೊನೆಯವರೆಗೂ ಹುಡುಕಿದೆ. ಮತ್ತೆ ಎಳೆದೆ. ಆ ಪುಟ ಇನ್ನೂ ಕೆಟ್ಟದಾಗಿರಲಿ, ಒಂದು ಸಾಲನ್ನು ನುಂಗುವಷ್ಟು ಕೆಟ್ಟದಾಗಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಪಟ್ಟಿ ಮತ್ತೆ ಹಾಗೇ ಬಂತು.

"ಹೋದ್ಲಾ?"

"ನೆಟ್ ಸರಿಯಾಗಿ ಸಿಗ್ತಿಲ್ಲ ಯಜಮಾನ್ರೇ" ಎಂದೆ.

ಅಷ್ಟರಲ್ಲಿ ಒಳಬಾಗಿಲು ತೆರೆದು ನರ್ಸ್ ಅವರ ಹೆಂಡತಿಯ ಹೆಸರು ಹೇಳಿ, "ಇವ್ರ ಕಡೆಯೋರು ಯಾರು? ಡಾಕ್ಟ್ರು ಕರೀತಿದ್ದಾರೆ" ಎಂದಳು.

ಯಜಮಾನರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನೋಡ್ದಾ? ನಿನ್ ಫೋನಿಗಿಂತ ಇವ್ರೇ ವಾಸಿ. ಎಚ್ರ ಆಗಿರ್ಬೇಕು, ಬಿಸ್ನೀರು ಕೇಳ್ತಾಳೆ" ಎಂದು ಕುರ್ಚಿಯ ಕೆಳಗಿದ್ದ ಫ್ಲಾಸ್ಕನ್ನು ಎತ್ತಿಕೊಂಡು ಸರಸರನೆ ಒಳಗೆ ನಡೆದರು.