ಹಡಗು ಹತ್ತದ ಸೇನಾಪತಿ

ಕೊಲ್ಲಿ ದೇಶದ ಸಹಮ್ ಎಂಬ ಊರಿನಲ್ಲಿ, ನೀರಿನ ಪಂಪು ಅಂಗಡಿಯ ಸ್ಟೋರಿನಲ್ಲಿ ನನಗೆ ಕೆಲಸ. ತೋಟದವರ ಜೊತೆ ಅರ್ಧ ಅರಬಿ, ಅರ್ಧ ಹಿಂದಿ ಮಾತಾಡಿ ಕೋಣೆಗೆ ಬಂದರೆ ಆ ದಿನದ ಮಾತು ಮುಗಿಯಿತು. ಪೂರ್ತಿ ಕನ್ನಡದಲ್ಲಿ ಬಾಯಿ ತೆರೆಯುತ್ತಿದ್ದದ್ದು ಶುಕ್ರವಾರ ಮಾತ್ರ, ಅಲ್ ಗುಬ್ರಾದ ಅಣ್ಣನ ಫ್ಲಾಟಿನಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ. ಅಣ್ಣ ನನ್ನ ಸಂಬಂಧಿಕರಲ್ಲ. ಉಡುಪಿ ಕಡೆಯವರು, ಆಫೀಸೊಂದರಲ್ಲಿ ಮ್ಯಾನೇಜರು, ನಮಗೆಲ್ಲ ಅಣ್ಣ. ಹಾಡುವ ಭಾಗವತರು ಬರ್ಕಾದಲ್ಲಿ ದಿನಸಿ ಅಂಗಡಿ ಇಟ್ಟವರು. ನಾನು ಬರ್ಕಾದವರೆಗೆ ಹೋದರೆ ಅಲ್ಲಿಂದ ಅವರ ಕಾರು.

ಪ್ರತಿ ಶುಕ್ರವಾರದ ಪ್ರಸಂಗ ಯಾವುದು, ಯಾರಿಗೆ ಯಾವ ಪಾತ್ರ, ನಾನು ಎಷ್ಟು ನಿಮಿಷ ಮಾತಾಡಿದೆ ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಹೆಚ್ಚಾಗಿ ದೂತನ ಪಾತ್ರ. ಹಾಗಾಗಿ ನಿಮಿಷಗಳೂ ಕಡಿಮೆ.

ಕಳೆದ ಚಳಿಗಾಲದಲ್ಲಿ ಒಂದು ದಿನ ಚಹಾ ಕುಡಿಯುವಾಗ ಅಣ್ಣ ಎರಡು ಸುದ್ದಿ ಹೇಳಿದರು. ಮುಂದಿನ ಪ್ರಸಂಗ ಪುರಾಣದ್ದಲ್ಲ, ರಷ್ಯಾದ ಕ್ರಾಂತಿಯ ಕಾಲದ ಒಬ್ಬ ಸೇನಾಪತಿಯದು. ಪದ್ಯ ಅವರೇ ಬರೆದಿದ್ದರು, ಸೇನಾಪತಿಯ ಪಾತ್ರ ನನಗೆ. ಎರಡನೆಯದು, ಇದೇ ಕೊನೆಯ ಕೂಟ.

"ಕಂಪನಿಯಲ್ಲಿ ಖಲಾಸ್ ಅಂದ್ರು ಮಾರಾಯ. ತಿಂಗಳ ಕೊನೆಗೆ ಊರಿಗೆ."

ಅವರಿಲ್ಲದ ಶುಕ್ರವಾರ ಹೇಗಿರುತ್ತದೆಂದು ಯೋಚಿಸುವ ಬದಲು ಸೇನಾಪತಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅವನು ಶತ್ರುವಿನ ಸಾಲನ್ನು ಒಂದೇ ಕಡೆ ಒತ್ತದೆ, ಹಲವು ಕಡೆ ಒಮ್ಮೆಲೇ ಮುರಿದವನು. ಚಕ್ರವರ್ತಿ ಸಿಂಹಾಸನ ಬಿಟ್ಟ ಮೇಲೆ ಇಡೀ ಸೈನ್ಯಕ್ಕೆ ಮುಖ್ಯಸ್ಥನಾದ. ಸ್ವಲ್ಪ ಕಾಲದಲ್ಲೇ ಆ ಹುದ್ದೆಯೂ ಹೋಯಿತು. ಕ್ರಾಂತಿಯ ಹೊತ್ತಿನಲ್ಲಿ ಅವನ ಮನೆಗೇ ಫಿರಂಗಿಯ ಗುಂಡು ಬಿದ್ದು ಕಾಲು ಮುರಿಯಿತು. ಇದೆಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ಅಭ್ಯಾಸದ ದಿನ ಅಣ್ಣನೆದುರು ಒಪ್ಪಿಸಿದೆ.

"ನೀನೆಂತ ಪರೀಕ್ಷೆ ಬರೆಯುವುದಾ?" ಎಂದರು ಅಣ್ಣ. "ಯುದ್ಧ ಗೆದ್ದದ್ದು ಭಾಗವತರು ಹಾಡ್ತಾರೆ. ಕಾಲು ಮುರಿದು ಮಲಗಿದವ ಎಂತ ಯೋಚಿಸಿದ? ಅದು ನೀನು ಮಾತಿನಲ್ಲಿ ಹೇಳಬೇಕಾದ ಅರ್ಥ."

ಶಾಲೆಯ ಹೋಮ್‌ವರ್ಕ್ ಮಾಡುತ್ತಿದ್ದ ಅವರ ಮಗಳು ತಲೆಯೆತ್ತಿದಳು. "ಅಪ್ಪಾ, ಈಸ್ ಹೀ ಗುಡ್ ಆರ್ ಬ್ಯಾಡ್?"

"ಆ ಪ್ರಶ್ನೆಯೇ ಪ್ರಸಂಗ ಮಗಾ," ಎಂದರು ಅಣ್ಣ.

ಕೂಟದ ದಿನ ಫ್ಲಾಟಿನ ಹಾಲ್‌ನಲ್ಲಿ ಸೋಫಾ ಇರಲಿಲ್ಲ, ಮಾರಿಯಾಗಿತ್ತು. ಗೋಡೆಯ ಪಕ್ಕ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಗಳು. ಶ್ರುತಿ ಮೊಬೈಲಿನಲ್ಲಿ. ಅಣ್ಣ ಸೇನಾಪತಿಯ ಹಳೆಯ ಗೆಳೆಯನಾಗಿ ನನ್ನೆದುರು ಕುಳಿತರು.

"ಸೇನಾಪತಿಗಳೇ, ತಾವು ಆಣೆಯಿಟ್ಟ ಚಕ್ರವರ್ತಿ ಸಿಂಹಾಸನದಲ್ಲಿಲ್ಲ. ತಾವು ನಡೆಸಿದ ಸೈನಿಕರೇ ನಮ್ಮ ಭುಜದ ಪಟ್ಟಿ ಕಿತ್ತೆಸೆಯುತ್ತಿದ್ದಾರೆ. ನನ್ನೊಂದಿಗೆ ದಕ್ಷಿಣಕ್ಕೆ ಬನ್ನಿ, ಕ್ರಾಂತಿಯ ವಿರುದ್ಧ ಅಲ್ಲಿ ಸೈನ್ಯ ಕಟ್ಟೋಣ. ಅಲ್ಲೂ ಸೋತರೆ ಸಮುದ್ರವಿದೆ, ಹಡಗಿದೆ."

"ಅರಸು ಬದಲಾದರೂ ಜನ ಅವರೇ. ನಾನು ಜನರೊಂದಿಗೆ ಉಳಿಯುತ್ತೇನೆ."

"ಉಳಿಯಿರಿ. ಉಳಿದು ಮಾತಾಡುವುದು ಯಾರೊಂದಿಗೆ?"

ಈ ಪ್ರಶ್ನೆ ಅಭ್ಯಾಸದಲ್ಲಿ ಇರಲಿಲ್ಲ. ನನಗೆ ಸಹಮಿನ ಕೋಣೆ ಕಣ್ಣಿಗೆ ಬಂತು.

"ಹಾಗಾದರೆ ನೀವೇಕೆ ಹೊರಟಿರಿ?" ಎಂದೆ. "ನೀವು ಉಳಿದರೆ ನನಗೆ ಮಾತಿಗೆ ಜನವಿದೆ. ಹೋಗಬೇಡಿ."

"ಅಪ್ಪಾ, ಹೀ ಕಾಂಟ್ ಸೇ ದಟ್!" ಎಂದಳು ಹುಡುಗಿ. ಯಾರೋ ನಕ್ಕರು. ಗೆಳೆಯ ಹೋಗಲೇಬೇಕು, ಸೇನಾಪತಿ ಉಳಿಯಲೇಬೇಕು, ಕತೆಯೇ ಹಾಗೆ.

ಅಣ್ಣ ನಗಲಿಲ್ಲ. ಶಾಲು ಸರಿಮಾಡಿಕೊಂಡು ಹೇಳಿದರು: "ಹೊರಡುವವನಿಗೂ ಸುಖವಿಲ್ಲ, ಸೇನಾಪತಿಗಳೇ. ಆದರೆ ನನ್ನ ಪಾತ್ರ ಇಲ್ಲಿಗೆ ಮುಗಿಯಿತು. ನಿಮ್ಮದು ಇನ್ನೂ ಇದೆ." ಭಾಗವತರಿಗೆ ಕಣ್ಣಲ್ಲೇ ಸೂಚನೆ ಕೊಟ್ಟರು. ಮುಂದಿನ ಪದ್ಯ ಶುರುವಾಯಿತು.

ಉಳಿದದ್ದನ್ನು ನಾನೊಬ್ಬನೇ ಹೇಳಿದೆ. ಸೇನಾಪತಿಯ ಒಬ್ಬನೇ ಮಗ ಯುದ್ಧಕ್ಕೆ ಹೋಗಿ ಮರಳಲಿಲ್ಲ. ಸೇನಾಪತಿ ಹೊಸ ಸರ್ಕಾರದ ಸೈನ್ಯಕ್ಕೆ ಸೇರಿದ. ಹಡಗು ಹತ್ತಿದವರು ಅವನನ್ನು ದ್ರೋಹಿ ಎಂದರು, ಹೊಸಬರು ಪೂರ್ತಿ ನಂಬಲಿಲ್ಲ. ಲಕ್ಷಾಂತರ ಜನರನ್ನು ನಡೆಸಿದವನು ಕೊನೆಗೆ ಸೈನ್ಯದ ಕುದುರೆಗಳ ಉಸ್ತುವಾರಿ ನೋಡಿಕೊಂಡ. ಕುದುರೆಗಳ ಮಾತು ಬಂದಾಗ ನನ್ನ ದನಿ ಸಣ್ಣದಾಯಿತು.

ಅಣ್ಣ ಊರಿಗೆ ಹೋದರು. ಮುಂದಿನ ಶುಕ್ರವಾರ ಭಾಗವತರ ಫೋನ್: "ಬರ್ತೀಯಾ? ಅಂಗಡಿಯ ಹಿಂದೆ ಜಾಗ ಉಂಟು."

ಹೋದೆ. ಅಕ್ಕಿಚೀಲಗಳ ನಡುವೆ ಚಾಪೆ ಹಾಸಿದ್ದರು. ಬೇರೆ ಯಾರೂ ಬಂದಿರಲಿಲ್ಲ.

"ಎದುರು ಯಾರು?" ಎಂದೆ.

"ಪೀಠಿಕೆ ಹೇಳು. ನಾನು ಯಾರು, ಎಂತ ಮಾಡಿದೆ, ಅಷ್ಟೇ ಅಲ್ವಾ? ಅದಕ್ಕೆ ಎದುರು ಜನ ಬೇಡ."

ಅವರು ಸೇನಾಪತಿಯ ಮೊದಲ ಪದ್ಯ ಹಾಡಿದರು. ನಾನು ಶುರುಮಾಡಿದೆ. ನಡುವೆ ಗಿರಾಕಿ ಕರೆದದ್ದು ಕೇಳಿ ಭಾಗವತರು, "ನೀನು ಹೇಳ್ತಾ ಇರು," ಎಂದು ಎದ್ದು ಹೋದರು. ಮೊಬೈಲಿನ ಶ್ರುತಿ ಹಾಗೇ ನಡೆಯುತ್ತಿತ್ತು. ಅವರು ಈರುಳ್ಳಿ ತೂಗಿ ಕೊಟ್ಟು ಬರುವವರೆಗೆ, ಅಕ್ಕಿಚೀಲಗಳ ಕಡೆ ನೋಡುತ್ತ, ನಾನು ಹೇಳುತ್ತಲೇ ಇದ್ದೆ.