ಗೀಟು ಎಳೆದ ಮನೆ

ಮೊನ್ನೆ ಕ್ರಿಸ್‌ಮಸ್ಸಿಗೆ ನಾನೊಂದು ಪುಣ್ಯದ ಕೆಲಸ ಮಾಡಿದೆ. ರಾಹೇಲಮ್ಮನ ಮನೆಗೆ ಹಾಡಲು ಹೋಗುವುದನ್ನು ತಪ್ಪಿಸಿದೆ. ಅದಕ್ಕೆ ಸಿಕ್ಕ ಬಹುಮಾನವೇನು ಗೊತ್ತೇ? ಛೀಮಾರಿ. ಸಿಗಬೇಕಾದ್ದೇ!

ನಾನು ಹುಮನಾಬಾದಿನಲ್ಲಿ ನಮ್ಮ ಚರ್ಚಿನ ಸಂಡೇ ಸ್ಕೂಲ್ ಮಾಸ್ತರ ಎಂಬುದು ನಿಮಗೆ ಗೊತ್ತು. (ಗೊತ್ತಿಲ್ಲದವರಿಗೆ ನಾನೇ ಹೇಳಿಕೊಂಡು ತಿರುಗುತ್ತೇನೆ.) ಹಬ್ಬಕ್ಕೆ ವಾರ ಮೊದಲು, ಸಂಜೆ ಶಾಲೆ ಬಿಟ್ಟ ಮೇಲೆ, ಮಕ್ಕಳನ್ನು ಕಟ್ಟಿಕೊಂಡು ಸಭೆಯವರ, ಎಂದರೆ ನಮ್ಮ ಚರ್ಚಿಗೆ ಬರುವವರ, ಮನೆಮನೆಗೆ ಹೋಗಿ ಹಾಡುವುದು ನಮ್ಮ ಪದ್ಧತಿ. ಬಿದಿರಿನ ಕೋಲಿಗೆ ಕಾಗದದ ನಕ್ಷತ್ರ, ಒಂದು ಡೋಲಕ್, ಇಪ್ಪತ್ತು ಗಂಟಲು. ಹಾಡು ಮುಗಿದ ಮೇಲೆ ಮನೆಯವರು ಮಕ್ಕಳ ಕೈಗೆ ತಿನ್ನಲು ಏನಾದರೂ ಕೊಡಲೇಬೇಕು. ಬರಿಗೈಯಲ್ಲಿ ಕಳಿಸಿದರೆ ಮನೆಯವರಿಗೇ ಅವಮಾನ.

ಯಾವ ದಿನ ಯಾವ ಮನೆ ಎಂದು ಲಿಸ್ಟ್ ಬರೆಯುವವನು ನಾನು. ಬಸವಕಲ್ಯಾಣದ ಕಡೆಯ ಮುಡಬಿಯಿಂದ ಬಂದು ಇಲ್ಲಿ ಕೂಲಿ ಮಾಡಿಕೊಂಡಿರುವ ರಾಹೇಲಮ್ಮನ ಗಂಡ ಈ ಮಳೆಗಾಲದಲ್ಲಿ ತೀರಿಕೊಂಡ. ಇಪ್ಪತ್ತು ಮಕ್ಕಳಿಗೆ ಆಕೆ ಎಲ್ಲಿಂದ ತಂದಾಳು? ಆಕೆಯ ಹೆಸರಿನ ಮೇಲೆ ಗೀಟು ಎಳೆದೆ. ಅಷ್ಟಕ್ಕೇ ಬಿಟ್ಟೆನೇ? ಮಕ್ಕಳನ್ನು ಕೂಡಿಸಿ ಅದನ್ನೇ ಪಾಠ ಮಾಡಿದೆ.

"ಯೇಸುಸ್ವಾಮಿಗಿ ಬಡವರ ತ್ರಾಸ ತಿಳೀತಿತ್ತು. ನಮಗೂ ತಿಳೀಬೇಕು. ದಯಾ ಅಂದ್ರ ಇದೇ ನೋಡ್ರಿ!"

ಮಕ್ಕಳು ತಲೆಯಾಡಿಸಿದರು. ಆಕೆಯ ಮನೆ ದಾಟುವಾಗ ಡೋಲಕ್ಕನ್ನೂ ನಿಲ್ಲಿಸಿದೆವು.

ಹಬ್ಬದ ಆರಾಧನೆಗೆ ರಾಹೇಲಮ್ಮ ಬರಲಿಲ್ಲ. ಒಂದು ಭಾನುವಾರವೂ ತಪ್ಪಿಸದ ಹೆಂಗಸು! ಜ್ವರ ಬಂದಿರಬೇಕು ಎಂದುಕೊಂಡು ಮರುದಿನ ನನ್ನ ಒಂಬತ್ತು ವರ್ಷದ ಮಗಳು ರೂತಳ ಜೊತೆ ಹೋದೆ.

ಜ್ವರವಿರಲಿಲ್ಲ. ಅಂಗಳ ಸಾರಿಸಿತ್ತು. ಗೋಡೆಗೆ ಹೊಸ ಸುಣ್ಣ.

"ನಾಕು ದಿನ ಹೊಸ್ತಿಲದಾಗ ಕುಂತೇನ್ರಿ ಮಾಸ್ತರ," ಎಂದಳು ರಾಹೇಲಮ್ಮ. "ಓಣ್ಯಾಗ ಬಂದ್ರಿ. ನನ್ನ ಮನಿ ಮುಂದ ಬಂದಕೂಡ್ಲೆ ಹಾಡು ಬಂದ್ ಆಯ್ತು. ಗಂಡ ಸತ್ತಾಕಿ ಅಂತ ಊರ ಮಂದಿ ನನಗ ಮದಿವಿ ಮನಿಗಿ ಕರ್ಯಾಂಗಿಲ್ಲ, ಅದು ಗೊತ್ತದ. ನಮ್ಮ ಸಭಾದಾಗೂ ಅದೇ ಕಾಯ್ದೆ ಬಂತೇನ್ರಿ?"

ಇಂಥದೊಂದು ಅರ್ಥ ಬಂದೀತೆಂದು ನನಗೆ ಹೊಳೆದೇ ಇರಲಿಲ್ಲ.

"ಛೇ, ಹಂಗಲ್ಲಮ್ಮ! ನಿಮಗ ತ್ರಾಸ ಆಗಬಾರ್ದಂತ ಬಿಟ್ಟಿದ್ದೆ. ಮಾಫ್ ಮಾಡ್ರಿ."

"ತ್ರಾಸ ಆಗ್ತದೋ ಇಲ್ಲೋ, ನನಗ ಒಂದ್ ಮಾತು ಕೇಳಬಾರ್ದೇನ್ರಿ?"

ಕೇಳಬೇಕಿತ್ತು. ಮಗಳು ನನ್ನ ಅಂಗಿ ಜಗ್ಗಿದಳು.

"ಅಪ್ಪಾ, ನಾಳಿಗಿ ಎಲ್ಲಾರಿಗೂ ಕರ್ಕೊಂಡು ಬರೋಣು."

"ಹಬ್ಬ ಮುಗೀತಲ್ಲವ್ವ."

"ಇವರ ಮನ್ಯಾಗ ಇನ್ನಾ ಆಗಿಲ್ಲಲ್ಲ!"

ಮರುದಿನ ಸಂಜೆ ಇಪ್ಪತ್ತು ಗಂಟಲೂ ಹಾಜರ್. ಹಬ್ಬ ಮುಗಿದ ಮೇಲೆ ನಕ್ಷತ್ರ ಹೊತ್ತು ಬಂದ ನಮ್ಮನ್ನು ನೋಡಿ ಓಣಿಯವರು ನಕ್ಕರು. ನಗಲಿ ಬಿಡಿ. ರಾಹೇಲಮ್ಮ ಹುರಿದ ಶೇಂಗಾ, ಬೆಲ್ಲ ತಂದು ಒಂದೊಂದು ಕೈಗೂ ತುಂಬ ತುಂಬ ಹಾಕಿದಳು. 'ಸಾಕಮ್ಮ' ಎನ್ನಲು ಹೊರಟ ನಾನು ಬಾಯಿ ಮುಚ್ಚಿಕೊಂಡೆ. (ಅಷ್ಟು ಬುದ್ಧಿ ಬಂದಿತ್ತು.) ಒಬ್ಬ ಪುಟ್ಟ ಮತ್ತೆ ಕೈ ಚಾಚಿದ. ಆಕೆ ನಕ್ಕುಬಿಟ್ಟಳು. ಮಳೆಗಾಲದಿಂದೀಚೆ ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಕ್ಕಳಿಗೆ ದಯೆ ಕಲಿಸಬಹುದು, ಸಂಡೇ ಸ್ಕೂಲಿನಲ್ಲೇ ಕಲಿಸಬಹುದು ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆದರೆ ತಪ್ಪು ಪಾಠ ಹೇಳಿದ ಮಾಸ್ತರ ಅಲ್ಲೇ ನಿಂತು ಅದನ್ನು ತಿದ್ದಬೇಕಲ್ಲ? ಈ ಭಾನುವಾರ ತಿದ್ದಿದೆ. ನಡೆದದ್ದೆಲ್ಲ ಹೇಳಿ, ತಪ್ಪು ನನ್ನದೇ ಎಂದು ಒಪ್ಪಿಕೊಂಡು, ಹಗುರಾಗಿ ಕುರ್ಚಿಯಲ್ಲಿ ಕೂತೆ.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಹಂಗಾರ ಸರ್, ಇನ್ನಾ ಯಾರ್ಯಾರಿಗಿ ಕೇಳಲಾರ್ದೇ ಬಿಟ್ಟೀರಿ?"