ಕಂದೀಲಿಗೆ ತಿಳಿಯದ ಗಾಳಿ

ಹಾಳುಬಿದ್ದ ಬಾವಿಗೆ ಇಳಿಯುವ ಮುನ್ನ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುವುದು ನಮ್ಮ ಕಡೆಯ ಹಳೆಯ ರೂಢಿ. ದೀಪ ಉರಿದರೆ ಮನುಷ್ಯ ಇಳಿಯಬಹುದು, ನಂದಿದರೆ ಇಳಿಯಬಾರದು. ಎಷ್ಟೋ ಜೀವಗಳನ್ನು ಉಳಿಸಿರುವ ಈ ರೂಢಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಹಿರಿಯರು ಹೇಳಿದರು ಎಂಬ ಒಂದೇ ಕಾರಣಕ್ಕೆ ಏನನ್ನೂ ಒಪ್ಪಿಕೊಳ್ಳುವುದು ನನ್ನಿಂದಾಗದು. ಪುಸ್ತಕಗಳ ವಿಷಯದಲ್ಲೂ ನನ್ನದು ಅದೇ ಹಟ. ಶಾಲೆ ಅರ್ಧಕ್ಕೆ ನಿಂತ ಮೇಲೆ ಹೈದರಾಬಾದಿನ ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿ ಸೇರಿದ ನಾನು, ಊಟದ ಬಿಡುವಿನಲ್ಲಿ ಅಲ್ಲಿಯ ವಾಚನಾಲಯದಲ್ಲಿ ಕುಳಿತು ಓದು ಕಲಿತವನು. ಓದಿದ್ದನ್ನು ಕಣ್ಣಾರೆ ನೋಡುವವರೆಗೆ ನಂಬುತ್ತಿರಲಿಲ್ಲ.

ನಿವೃತ್ತನಾಗಿ ಅದೇ ಊರಿನ ಮಣಿಕೊಂಡ ಬಡಾವಣೆಯ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನೆಲೆಸಿದ ಮೇಲೆ, ಒಂದು ಬೇಸಿಗೆಯಲ್ಲಿ ನಮ್ಮ ನೆಲದಡಿಯ ನೀರಿನ ಸಂಪು ಸೋರತೊಡಗಿತು. ಅದನ್ನು ದುರಸ್ತಿ ಮಾಡಲು ಯಾದಗಿರಿ ಕಡೆಯ ಮೇಸ್ತ್ರಿಯೊಬ್ಬ ಬಂದ. ಅವನ ಜೊತೆಗೆ ಅವನ ಹೆಂಡತಿಯ ತಮ್ಮ. ಆ ಮುಂಜಾನೆ ಕರೆಂಟ್ ಇರಲಿಲ್ಲ. ಮೇಸ್ತ್ರಿ ಶಾಸ್ತ್ರಬದ್ಧವಾಗಿ ಕಂದೀಲು ಇಳಿಬಿಟ್ಟ, ಅದು ಚೆನ್ನಾಗಿ ಉರಿಯಿತು, ಮೈದುನ ಒಳಗಿಳಿದ. ತಳದಲ್ಲಿ ಉಳಿದ ನೀರನ್ನು ಹೊರಹಾಕಲು ಪೆಟ್ರೋಲ್ ಪಂಪನ್ನೂ ಅವನ ಹಿಂದೆಯೇ ಕೆಳಗಿಳಿಸಿದರು. ನೆಲದೊಳಗಿನಿಂದ ಬರುತ್ತಿದ್ದ ಇಂಜಿನ್ನಿನ ಸದ್ದು ಕೇಳಿ ನಾನು ಹೊರಗೆ ಬಂದೆ.

"ಮೇಸ್ತ್ರಿ, ಇಂಜಿನ್ ಒಳಗ್ಯಾಕ ಇಟ್ಟೀಯಪ್ಪಾ?"

"ಪೈಪ್ ಸಾಲಲಿಲ್ರಿ ಅಜ್ಜಾರ. ಚಿಂತಿ ಮಾಡಬ್ಯಾಡ್ರಿ. ಕಂದೀಲ್ ಅಲ್ಲೇ ಬಿಟ್ಟೀನಿ, ನೋಡ್ರಿ, ಮದಿಮಗನಂಗ ಕುಂತೈತಿ."

ಕೆಳಗಿನಿಂದ ಮೈದುನನ ದನಿ ಕೇಳಿಸಿತು: "ಮಾವಾ, ತಲಿ ಭಾಳ ಸಿಡ್ಯಾಕತ್ತೈತಿ."

"ನಾಷ್ಟಾ ಬಿಟ್ಟು ಫೋನ್ ನೋಡ್ಕೊಂತ ಕುಂತ್ರ ಮತ್ತೇನಾಗತೈತಿ!"

"ನಾಷ್ಟಾ ಅಲ್ಲೋ, ಇಂಜಿನ್ನಿನ ಹೊಗಿ. ಬಂದ್ ಮಾಡ್ಸು, ಅವನ್ನ ಮ್ಯಾಲೆ ಕರಿ," ಎಂದೆ.

"ಹೊಗಿ ಎಲ್ಲೈತ್ರಿ? ನಿಮಗ ಎಲ್ಲಾದ್ರಾಗೂ ಸಂಶಯ. ಮೊನ್ನಿ ಸಿಮೆಂಟಿನ ಮ್ಯಾಲೆ, ಇವತ್ತ ಗಾಳಿ ಮ್ಯಾಲೆ."

ವಾದಕ್ಕೆ ಸಮಯವಿರಲಿಲ್ಲ. ನಮ್ಮ ಬಚ್ಚಲಿನ ಗ್ಯಾಸ್ ಗೀಸರಿನ ಭಯಕ್ಕೆ ಗೋಡೆಗೆ ಹಾಕಿಸಿದ್ದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಇತ್ತು; ಇಂಜಿನ್ ಉಗುಳುವುದೂ ಅದೇ ಅನಿಲ. ಅದನ್ನು ಕಿತ್ತು ತಂದು ಹಗ್ಗಕ್ಕೆ ಕಟ್ಟಿ ಕಂದೀಲಿನ ಮಗ್ಗುಲಿಗೆ ಇಳಿಬಿಟ್ಟೆ. ಸ್ವಲ್ಪ ಹೊತ್ತು ಅದು ಸುಮ್ಮನಿತ್ತು. ಆಮೇಲೆ ಇಂಜಿನ್ನಿನ ಸದ್ದನ್ನೂ ಸೀಳಿಕೊಂಡು ಚೀರತೊಡಗಿತು.

ಆ ನೋಟ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಒಂದೇ ಗಾಳಿಯಲ್ಲಿ ಎರಡೂ ತೂಗುತ್ತಿದ್ದವು: ಅಲಾರಂ ಸಾವು ಬಂದಿದೆ ಎಂದು ಕೂಗುತ್ತಿತ್ತು, ಕಂದೀಲಿನ ಜ್ವಾಲೆ ಅಲುಗದೆ ಹೊನ್ನಿನಂತೆ ನಿಂತಿತ್ತು. ದೀಪ ಸುಳ್ಳು ಹೇಳುತ್ತಿರಲಿಲ್ಲ. ಉರಿಯಲು ಬೇಕಾದಷ್ಟು ಆಮ್ಲಜನಕ ಇದೆಯೆಂದಷ್ಟೇ ಅದು ಬಲ್ಲುದು; ಅದರ ಜೊತೆಗೆ ಮತ್ತೇನು ಬೆರೆತಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಬೆಳಕಿಗೂ ತನ್ನ ಸುಳಿವು ಕೊಡದೆ ಅಲ್ಲಿ ತುಂಬಿಕೊಂಡಿತ್ತು.

ಮೇಸ್ತ್ರಿಯ ಮುಖ ಇಳಿಯಿತು. "ಏ, ಬಂದ್ ಮಾಡೋ! ಬಂದ್ ಮಾಡಿ ಮ್ಯಾಲೆ ಬಾ!" ಎಂದು ಕೂಗಿದ. ಇಂಜಿನ್ ನಿಂತಿತು. ಮೈದುನ ಏಣಿ ಹಿಡಿದನಾದರೂ ಕಾಲು ಎತ್ತಲಾಗದೆ ಅಲ್ಲೇ ಕುಸಿದ. ಮೇಸ್ತ್ರಿ ಧುಮುಕಲು ಹೊರಟ. ನಾನು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದೆ.

"ಬಿಡ್ರಿ ಅಜ್ಜಾರ! ನನ್ನ ಹೆಂಡ್ತಿಗೆ ಏನಂತ ಹೇಳ್ಲಿ?"

"ನೀನೂ ಇಳಿದ್ರ ಆಕಿಗೆ ಹೇಳಾಕ ಯಾರೂ ಉಳಿಯೂದಿಲ್ಲ. ಹಗ್ಗ ಒಗಿ."

ಕುಣಿಕೆ ಮಾಡಿ ಎಸೆದೆವು. "ಕಂಕುಳಾಗ ಹಾಕ್ಕೋ, ತಮ್ಮಾ, ಕಂಕುಳಾಗ" ಎಂದು ಮೇಸ್ತ್ರಿ ಅಳುತ್ತಲೇ ಹೇಳಿಕೊಟ್ಟ. ಅರೆಪ್ರಜ್ಞೆಯಲ್ಲಿಯೂ ಆ ಮೈದುನ ಮಾತು ಕೇಳಿದ. ಗದ್ದಲ ಕೇಳಿ ಓಡಿಬಂದ ವಾಚ್‌ಮನ್ನನೂ ಕೈಹಾಕಿದ ಮೇಲೆ ಎಳೆದು ಮೇಲಕ್ಕೆ ತಂದೆವು. ಈ ವಿಷ ತಗುಲಿದವರ ಮುಖ ಕೆಂಪೇರುತ್ತದೆಂದು ನಾನು ಓದಿದ್ದೆ. ಅವನ ಮುಖ ಬೂದಿಯ ಬಣ್ಣಕ್ಕಿತ್ತು.

ಆಸ್ಪತ್ರೆಯಲ್ಲಿ ಅವನ ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕ ಪೂರ್ಣವಾಗಿದೆ ಎಂದು ತೋರಿಸಿತು. ಮೇಸ್ತ್ರಿ ಕೈಮುಗಿದ. ನನಗೆ ಆ ಅಂಕಿಯ ಮೇಲೂ ನಂಬಿಕೆ ಬರಲಿಲ್ಲ, ವೈದ್ಯೆಯನ್ನು ಕೇಳಿಯೇಬಿಟ್ಟೆ. ಆಕೆ ಅವನ ಮೂಗಿಗೆ ಹಾಕಿದ್ದ ಆಮ್ಲಜನಕದ ಮುಖವಾಡವನ್ನು ಬಿಗಿಮಾಡುತ್ತ, ಆ ಯಂತ್ರಕ್ಕೆ ರಕ್ತದಲ್ಲಿರುವುದು ಆಮ್ಲಜನಕವೋ ಈ ವಿಷಾನಿಲವೋ ಎಂಬ ವ್ಯತ್ಯಾಸ ತಿಳಿಯದು, ಅದಕ್ಕೇ ಬೇರೆ ರಕ್ತಪರೀಕ್ಷೆಗೆ ಕಳಿಸಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದರು. ನಮ್ಮ ರಕ್ತ ಜೀವಕೊಡುವ ಗಾಳಿಗಿಂತ ಈ ಗಾಳಿಯನ್ನೇ ಹೆಚ್ಚು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಆ ಹಿಡಿತ ಸಡಿಲಲು ಹೊತ್ತು ಬೇಕು ಎಂದೂ ವಿವರಿಸಿದರು.

ಮಂಚದ ಪಕ್ಕದಲ್ಲಿ ನಾನು ಅವನ ಎದೆ ಏರಿಳಿಯುವುದನ್ನೇ ನೋಡುತ್ತ ಕುಳಿತೆ. ಉಸಿರಿನ ದಾರಿಯಲ್ಲಿ ಒಳಬಂದದ್ದು ಉಸಿರಿನ ದಾರಿಯಲ್ಲೇ ಹೊರಟುಹೋಗುತ್ತಿತ್ತು. ಅದಕ್ಕೂ ಸದ್ದಿಲ್ಲ, ಗುರುತಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಅವನು ಮುಖವಾಡ ಸರಿಸಿ ಕೇಳಿದ:

"ಮಾವಾ, ಪಂಪ್ ಅಲ್ಲೇ ಬಿಟ್ಟು ಬಂದಿಯೇನು? ಯಾರರ ಒಯ್ದಾರು."

"ಒಯ್ಲಿ ಬಿಡೋ, ಮಾರಾಯಾ." ಮೇಸ್ತ್ರಿ ಮುಖವಾಡವನ್ನು ಮತ್ತೆ ಅವನ ಮೂಗಿಗೆ ಒತ್ತಿದ. "ಇನ್ನ ಮ್ಯಾಲೆ ಇಂಜಿನ್ ಹೊರಗ. ಉದ್ದನ್ನ ಪೈಪ್ ಬರೂತನಕ ಕೆಲಸಾನ ಇಲ್ಲ. ನೀ ಉಸರಾಡು."

ಅವನು ಉಸಿರಾಡಿದ.